ಕುದುರೆಯೂ ನೆಲವೂ

ಮಾನವನು ಪಳಗಿಸಿದ ಪ್ರಾಣಿಗಳಲ್ಲಿ ಕುದುರೆಗೆ ವಿಶಿಷ್ಟವಾದ ಸ್ಥಾನವಿದೆ. ಹಸುವು ಹಾಲನ್ನು ಕೊಟ್ಟಿತು. ಎತ್ತು ನೇಗಿಲನ್ನು ಎಳೆಯಿತು. ಕುರಿಯು ಉಣ್ಣೆಯನ್ನು ನೀಡಿತು. ಕುದುರೆಯಾದರೋ ಮಾನವನಿಗೆ ವೇಗವನ್ನು ಕೊಟ್ಟಿತು. ಕನ್ನಡ ನಾಡಿನ ಊರೂರುಗಳಲ್ಲಿ ನಿಂತಿರುವ ವೀರಗಲ್ಲುಗಳ ಮೇಲೆ ಕುದುರೆಯೇರಿದ ವೀರನ ಚಿತ್ರವನ್ನು ಇಂದಿಗೂ ಕಾಣಬಹುದು. ವಿಜಯನಗರದ ಅರಸರು ಅರಬ್ಬೀ ಸಮುದ್ರದ ಆಚೆಯಿಂದ ಹಡಗುಗಳಲ್ಲಿ ಬಂದ ಕುದುರೆಗಳಿಗಾಗಿ ಅಪಾರವಾದ ಹೊನ್ನನ್ನು ವ್ಯಯ ಮಾಡಿದರು. ಅಂದು ಕುದುರೆಯು ರಾಜ್ಯದ ಬಲವಾಗಿತ್ತು.

ಕಾಲವು ಬದಲಾಯಿತು. ಉಗಿಬಂಡಿಯೂ ಮೋಟಾರು ವಾಹನಗಳೂ ಬಂದಮೇಲೆ ಕುದುರೆಯು ರಣರಂಗದಿಂದಲೂ ಹೆದ್ದಾರಿಯಿಂದಲೂ ಹಿಂದೆ ಸರಿಯಿತು. ಆದರೆ ಅದರ ಮೇಲಿನ ಪ್ರೀತಿ ಮಾನವನಲ್ಲಿ ಕಡಿಮೆಯಾಗಲಿಲ್ಲ. ಇಂದು ಅನೇಕರು ಕುದುರೆಯನ್ನು ದುಡಿಮೆಗಾಗಿ ಸಾಕುವುದಿಲ್ಲ. ಸವಾರಿಯ ಸಂತೋಷಕ್ಕಾಗಿ, ಪಂದ್ಯದ ಉತ್ಸಾಹಕ್ಕಾಗಿ, ಮನೆತನದ ಅಂತಸ್ತಿಗಾಗಿ ಸಾಕುತ್ತಾರೆ. ಇದರಲ್ಲಿ ದೋಷವೇನೂ ಇಲ್ಲ. ಆದರೆ ಕುದುರೆಯು ನಿಲ್ಲುವುದು ನೆಲದ ಮೇಲೆ. ತಿನ್ನುವುದು ಆ ನೆಲದ ಹುಲ್ಲನ್ನು. ಕುಡಿಯುವುದು ಆ ನೆಲದ ನೀರನ್ನು. ಆ ನೆಲವು ಅಪರೂಪದ ಜೀವಿಗಳ ಆಶ್ರಯಸ್ಥಾನವಾಗಿದ್ದಲ್ಲಿ ಒಬ್ಬರ ವಿನೋದಕ್ಕೂ ಎಲ್ಲರ ಸಂಪತ್ತಿಗೂ ಹೊಂದಾಣಿಕೆಯನ್ನು ಹೇಗೆ ಮಾಡಬೇಕೆಂಬ ಪ್ರಶ್ನೆ ಏಳುತ್ತದೆ. ಬೆಳಗಾವಿ ಜಿಲ್ಲೆಯ ಗೋಕಾಕ, ಮೂಡಲಗಿ ಮತ್ತು ಹುಕ್ಕೇರಿ ತಾಲ್ಲೂಕುಗಳು ಈ ಪ್ರಶ್ನೆಯನ್ನು ವಿಚಾರಿಸಲು ತಕ್ಕ ನಿದರ್ಶನವಾಗಿವೆ.

ಈ ಮೂರು ತಾಲ್ಲೂಕುಗಳ ಜೀವನಾಡಿ ಘಟಪ್ರಭಾ ನದಿ. ಸಹ್ಯಾದ್ರಿಯಲ್ಲಿ ಹುಟ್ಟಿ ಪೂರ್ವಕ್ಕೆ ಹರಿಯುವ ಈ ನದಿಗೆ ಹುಕ್ಕೇರಿ ತಾಲ್ಲೂಕಿನ ಹಿಡಕಲ್ಲಿನಲ್ಲಿ ದೊಡ್ಡ ಅಣೆಕಟ್ಟನ್ನು ಕಟ್ಟಲಾಗಿದೆ. ಅಲ್ಲಿಂದ ಕೆಳಗೆ ಧೂಪದಾಳದಲ್ಲಿ 1897ರಷ್ಟು ಹಿಂದೆಯೇ ಕಟ್ಟಿದ ಒಡ್ಡು ಇದೆ. ಇಲ್ಲಿಂದ ಹೊರಡುವ ಕಾಲುವೆಯು ಗೋಕಾಕ ಮತ್ತು ಮೂಡಲಗಿಯ ಸೀಮೆಯ ಹೊಲಗಳಿಗೆ ನೀರುಣಿಸುತ್ತದೆ. ಇನ್ನೂ ಮುಂದೆ ಸಾಗಿದ ನದಿಯು ಗೋಕಾಕದ ಸಮೀಪದಲ್ಲಿ ಸುಮಾರು 52 ಮೀಟರುಗಳಷ್ಟು ಆಳಕ್ಕೆ ಧುಮುಕುತ್ತದೆ. ಆ ಜಲಪಾತದ ಅಂಚು ಕುದುರೆಯ ಲಾಳದ ಆಕಾರದಲ್ಲಿದೆ. ಗಟ್ಟಿಯಾದ ಮರಳುಗಲ್ಲನ್ನು ನೀರು ಅಸಂಖ್ಯಾತ ವರ್ಷಗಳ ಕಾಲ ಕೊರೆದುದರಿಂದ ಆ ಕಣಿವೆ ರೂಪುಗೊಂಡಿದೆ.

ಧೂಪದಾಳದ ಒಡ್ಡಿನ ಹಿಂದೆ ನಿಂತ ನೀರು ಆಳವಾಗಿಲ್ಲ. ಆದುದರಿಂದ ಅಲ್ಲಿ ಕೆಸರಿನ ದಡಗಳೂ ಜೊಂಡು ಬೆಳೆದ ಅಂಚುಗಳೂ ಸಣ್ಣ ನಡುಗಡ್ಡೆಗಳೂ ಉಂಟಾಗಿವೆ. ನೀರುಹಕ್ಕಿಗಳಿಗೆ ಇದಕ್ಕಿಂತ ಒಳ್ಳೆಯ ನೆಲೆ ಬೇರೊಂದಿಲ್ಲ. 1974ರಲ್ಲಿ ಗೋಕಾಕ ಮತ್ತು ಹುಕ್ಕೇರಿ ತಾಲ್ಲೂಕುಗಳ ಸುಮಾರು 29 ಚದರ ಕಿಲೋಮೀಟರುಗಳಿಗೂ ಮಿಕ್ಕಿದ ಪ್ರದೇಶವನ್ನು ಘಟಪ್ರಭಾ ಪಕ್ಷಿಧಾಮವೆಂದು ಘೋಷಿಸಲಾಯಿತು. ಕರ್ಕರವೆಂಬ ಕ್ರೌಂಚಜಾತಿಯ ಹಕ್ಕಿಗಳು ಮಧ್ಯ ಏಷ್ಯಾದ ಹುಲ್ಲುಗಾವಲುಗಳಿಂದ ಹಿಮಾಲಯವನ್ನು ದಾಟಿ ಚಳಿಗಾಲದಲ್ಲಿ ಇತ್ತ ಬರುತ್ತವೆ. ಯುರೋಪಿನ ಬಿಳಿ ಕೊಕ್ಕರೆಯೂ ಇಲ್ಲಿಯ ಅತಿಥಿ. ಸಾವಿರಾರು ಕಿಲೋಮೀಟರುಗಳ ಪಯಣದಿಂದ ಬಳಲಿ ಬಂದ ಈ ಹಕ್ಕಿಗಳಿಗೆ ಬೇಕಾದುದು ಮೂರೇ ವಸ್ತುಗಳು: ಆಳವಿಲ್ಲದ ನೀರು, ಕೀಟಗಳೂ ಕಾಳುಗಳೂ ದೊರೆಯುವ ಬಯಲು ಮತ್ತು ನಿಶ್ಶಬ್ದತೆ.

ಇದೇ ಸೀಮೆಯಲ್ಲಿ ಕುದುರೆಯೂ ಉಂಟು. ಬೆಳಗಾವಿ ಜಿಲ್ಲೆಯ ಸಂಚಾರಿ ಕುರಿಗಾರರು ತಮ್ಮ ಬಿಡಾರದ ಸಾಮಾನುಗಳನ್ನೂ ಎಳೆಯ ಮರಿಗಳನ್ನೂ ಚಿಕ್ಕ ಕುದುರೆಗಳ ಮೇಲೆ ಹೇರಿಕೊಂಡು ಊರಿಂದೂರಿಗೆ ಸಾಗುವುದನ್ನು ಎಲ್ಲರೂ ಕಂಡಿರುತ್ತಾರೆ. ಊರಿನ ಜಾತ್ರೆಗಳಲ್ಲಿ ಕುದುರೆ ಗಾಡಿಯ ಶರ್ಯತ್ತು ನಡೆಯುವ ರೂಢಿ ಈ ಭಾಗದಲ್ಲಿದೆ. ಆ ಶರ್ಯತ್ತಿಗಾಗಿ ವರ್ಷವಿಡೀ ಅಕ್ಕರೆಯಿಂದ ಕುದುರೆಯನ್ನು ಸಾಕುವವರೂ ಇದ್ದಾರೆ. ಹಣವೂ ಬಿಡುವೂ ಹೆಚ್ಚಿದಂತೆ ಜಲಪಾತ, ನದೀತೀರ ಮುಂತಾದ ರಮ್ಯಸ್ಥಳಗಳ ಬಳಿಯಲ್ಲಿ ತೋಟದ ಮನೆಯನ್ನು ಕಟ್ಟಿ, ಅದರ ಪಕ್ಕದಲ್ಲಿ ಲಾಯವನ್ನು ಹಾಕಿ, ಸವಾರಿಯ ಕುದುರೆಗಳನ್ನು ಇಡಬೇಕೆಂಬ ಆಸೆ ಹುಟ್ಟುವುದು ಸಹಜ. ಒಂದು ಲಾಯದಿಂದ ನೆಲಕ್ಕೆ ಭಾರವಾಗಲಾರದು. ಆದರೆ ಒಂದನ್ನು ಕಂಡು ಇನ್ನೊಂದು, ಇನ್ನೊಂದನ್ನು ಕಂಡು ಹತ್ತು ಏಳುವುದು ಲೋಕದ ರೀತಿ. ಹತ್ತಾದ ಮೇಲೆ ನಿಯಮವನ್ನು ಹುಡುಕುವುದಕ್ಕಿಂತ ಒಂದಿರುವಾಗಲೇ ನಿಯಮವನ್ನು ಮಾಡುವುದು ಜಾಣತನ.

ಕುದುರೆಯಿಂದ ನೆಲಕ್ಕೆ ಆಗುವುದೇನು ಎಂಬುದನ್ನು ಮೊದಲು ತಿಳಿಯಬೇಕು. ದನವೂ ಮೇಯುತ್ತದೆ, ಕುದುರೆಯೂ ಮೇಯುತ್ತದೆ. ಆದರೆ ಎರಡರ ರೀತಿ ಒಂದೇ ಅಲ್ಲ. ದನದ ಮೇಲ್ದವಡೆಯ ಮುಂಭಾಗದಲ್ಲಿ ಹಲ್ಲುಗಳಿಲ್ಲ. ಅದು ನಾಲಗೆಯಿಂದ ಹುಲ್ಲನ್ನು ಸುತ್ತಿ ಎಳೆದುಕೊಳ್ಳುತ್ತದೆ. ಆದುದರಿಂದ ಬುಡದಲ್ಲಿ ಸ್ವಲ್ಪ ಹುಲ್ಲು ಉಳಿಯುತ್ತದೆ. ಕುದುರೆಗೆ ಮೇಲೆಯೂ ಕೆಳಗೂ ಮುಂಗಡೆಯ ಹಲ್ಲುಗಳಿವೆ. ಅದು ಹುಲ್ಲನ್ನು ಕತ್ತರಿಯಿಂದ ಕತ್ತರಿಸಿದಂತೆ ಬುಡದವರೆಗೂ ಕಚ್ಚುತ್ತದೆ. ಅದು ಮೆಲುಕು ಹಾಕುವ ಪ್ರಾಣಿಯಲ್ಲ. ಬಯಲಿಗೆ ಬಿಟ್ಟರೆ ದಿನದ ಬಹುಭಾಗವನ್ನು ಮೇಯುವುದರಲ್ಲಿಯೇ ಕಳೆಯುತ್ತದೆ. ಅದರ ಗೊರಸು ಒಡೆದದ್ದಲ್ಲ, ಇಡಿಯಾದದ್ದು. ಅನೇಕ ವೇಳೆ ಅದಕ್ಕೆ ಕಬ್ಬಿಣದ ಲಾಳವನ್ನೂ ಹೊಡೆದಿರುತ್ತಾರೆ. ಮಳೆಗಾಲದಲ್ಲಿ ನೆನೆದ ಎರೆಮಣ್ಣಿನ ಮೇಲೆ ಅದು ಓಡಾಡಿದರೆ ಮಣ್ಣು ಕಲಸಿ ಗಟ್ಟಿಯಾಗುತ್ತದೆ. ಗಟ್ಟಿಯಾದ ನೆಲದಲ್ಲಿ ನೀರು ಇಂಗುವುದಿಲ್ಲ; ಹುಲ್ಲು ಚಿಗುರುವುದಿಲ್ಲ. ಇಳಿಜಾರಾಗಿದ್ದರೆ ಮಣ್ಣು ಕೊಚ್ಚಿಹೋಗುತ್ತದೆ.

ಲೆಕ್ಕವನ್ನು ಹಾಕಿ ನೋಡಿದರೆ ಈ ವಿಷಯವು ಇನ್ನೂ ಸ್ಪಷ್ಟವಾಗುತ್ತದೆ. ಸುಮಾರು 500 ಕಿಲೋಗ್ರಾಂ ತೂಕದ ಕುದುರೆಯೊಂದಕ್ಕೆ ದಿನಕ್ಕೆ 10 ಕಿಲೋಗ್ರಾಂನಷ್ಟು ಒಣಮೇವೂ 25ರಿಂದ 50 ಲೀಟರಿನಷ್ಟು ನೀರೂ ಬೇಕಾಗುತ್ತದೆ. ಅದು ದಿನಕ್ಕೆ ಹಾಕುವ ಲದ್ದಿ ಸುಮಾರು 20 ಕಿಲೋಗ್ರಾಂ. ವರ್ಷಕ್ಕೆ ಇದು 7 ಟನ್ನಿಗೂ ಹೆಚ್ಚಾಗುತ್ತದೆ. ಹತ್ತು ಕುದುರೆಗಳಿರುವ ಲಾಯದಿಂದ ವರ್ಷಕ್ಕೆ 70 ಟನ್ನಿಗೂ ಮಿಕ್ಕಿದ ಲದ್ದಿ ಹೊರಬೀಳುತ್ತದೆ. ಹೊಲಕ್ಕೆ ಹೋದರೆ ಅದು ಬಂಗಾರ; ಹಳ್ಳಕ್ಕೆ ಹೋದರೆ ಅದು ವಿಷ. ಲದ್ದಿಯಲ್ಲಿರುವ ಸತ್ವವು ನಿಂತ ನೀರನ್ನು ಸೇರಿದಾಗ ಪಾಚಿಯು ಹುಲುಸಾಗಿ ಬೆಳೆದು, ಕೊಳೆತು, ನೀರಿನಲ್ಲಿರುವ ಪ್ರಾಣವಾಯುವನ್ನು ಹೀರಿಬಿಡುತ್ತದೆ. ಮೀನುಗಳು ಸಾಯುತ್ತವೆ, ಮೀನನ್ನು ನಂಬಿದ ಹಕ್ಕಿಗಳು ಬೇರೆ ಕೆರೆಯನ್ನು ಅರಸುತ್ತವೆ. ದೂರದಿಂದ ತಂದ ಮೇವಿನಲ್ಲಿರುವ ಕಳೆಯ ಬೀಜಗಳು ಕುದುರೆಯ ಹೊಟ್ಟೆಯಲ್ಲಿ ಪೂರ್ತಿಯಾಗಿ ಜೀರ್ಣವಾಗದೆ ಲದ್ದಿಯೊಡನೆ ಹೊರಬಂದು ಹೊಸ ನೆಲದಲ್ಲಿ ಮೊಳೆಯುವುದೂ ಉಂಟು.

ನೆಲದ ಅಗತ್ಯವನ್ನೂ ಹೀಗೆಯೇ ಅಳೆಯಬಹುದು. ಕರ್ನಾಟಕದಲ್ಲಿ ಊರಿನ ಜಾನುವಾರುಗಳಿಗಾಗಿ ಗೋಮಾಳವನ್ನು ಬಿಡುವಾಗ ನೂರು ಜಾನುವಾರುಗಳಿಗೆ 12 ಹೆಕ್ಟೇರುಗಳಂತೆ ಬಿಡಬೇಕೆಂದು ಭೂಕಂದಾಯ ನಿಯಮಗಳು ಹೇಳುತ್ತವೆ. ಎಂದರೆ ತಲೆಗೆ 0.12 ಹೆಕ್ಟೇರು. ಬ್ರಿಟನ್ನಿನ ಕುದುರೆ ಸಾಕಣೆಯ ಪರಿಣತರು ಒಂದು ಹೆಕ್ಟೇರು ಹುಲ್ಲುಗಾವಲಿಗೆ ಎರಡೇ ಕುದುರೆಗಳು ಎಂದು ಸಲಹೆ ನೀಡುತ್ತಾರೆ. ಎಂದರೆ ಒಂದು ಕುದುರೆಗೆ ಅರ್ಧ ಹೆಕ್ಟೇರು. ಹೀಗೆ ಒಂದು ಕುದುರೆಯನ್ನು ಗೋಮಾಳಕ್ಕೆ ಬಿಟ್ಟರೆ ಅದು ನಾಲ್ಕು ದನಗಳ ಪಾಲಿಗಿಂತಲೂ ಹೆಚ್ಚಿನದನ್ನು ಆಕ್ರಮಿಸಿದಂತಾಗುತ್ತದೆ. ಅದೂ ವರ್ಷದ ಬಹುಕಾಲ ಮಳೆ ಸುರಿಯುವ ಬ್ರಿಟನ್ನಿನ ಲೆಕ್ಕ. ಬೇಸಿಗೆಯಲ್ಲಿ ಹುಲ್ಲೆಲ್ಲ ಒಣಗಿಹೋಗುವ ಗೋಕಾಕದ ಕಲ್ಲುಗುಡ್ಡಗಳಲ್ಲಿ ಅರ್ಧ ಹೆಕ್ಟೇರು ಸಾಲದು. ಹಾಗಾದರೆ ಸಿರಿವಂತನ ಒಂದು ಸವಾರಿಕುದುರೆಗಾಗಿ ಬಡವನ ಎಮ್ಮೆಯು ಎಷ್ಟು ದೂರ ನಡೆಯಬೇಕು? ಈ ಪ್ರಶ್ನೆಯು ಹಕ್ಕಿಗಳ ಪ್ರಶ್ನೆಯಷ್ಟೇ ಗಂಭೀರವಾದುದು.

ರಕ್ಷಿತ ಪ್ರದೇಶದಲ್ಲಿ ಕುದುರೆಗಳಿದ್ದರೆ ಏನಾಗುತ್ತದೆ ಎಂಬುದಕ್ಕೆ ನೆರೆಯ ಮಹಾರಾಷ್ಟ್ರದ ಮಾಥೇರಾನ್ ಗಿರಿಧಾಮವು ಒಂದು ಪಾಠವಾಗಿದೆ. 2003ರಲ್ಲಿ ಕೇಂದ್ರ ಸರ್ಕಾರವು ಅದನ್ನು ಪರಿಸರಸೂಕ್ಷ್ಮ ವಲಯವೆಂದು ಘೋಷಿಸಿತು. ಊರಿನೊಳಗೆ ಮೋಟಾರು ವಾಹನಗಳಿಗೆ ನಿಷೇಧವಿದ್ದುದರಿಂದ ಪ್ರವಾಸಿಗರನ್ನೂ ಸಾಮಾನನ್ನೂ ಹೊರುವ ಕೆಲಸವು ಬಹುಮಟ್ಟಿಗೆ ಕುದುರೆಗಳ ಪಾಲಿಗೆ ಬಂದಿತು. ಹೊಗೆಯಿಲ್ಲ, ಸದ್ದಿಲ್ಲ ಎಂಬುದು ನಿಜವೇ. ಆದರೆ ಗೊರಸುಗಳ ತುಳಿತಕ್ಕೆ ಸಡಿಲವಾದ ಕೆಮ್ಮಣ್ಣು ಮಳೆಯಲ್ಲಿ ಕೊಚ್ಚಿಹೋಗತೊಡಗಿತು. ಲದ್ದಿಯು ದಾರಿಯ ಧೂಳಿನಲ್ಲಿ ಬೆರೆಯಿತು. ಮಣ್ಣನ್ನು ಉಳಿಸಲೆಂದು ದಾರಿಗೆ ಸುಟ್ಟ ಇಟ್ಟಿಗೆಯಂಥ ಹಾಸುಗಳನ್ನು ಹಾಕಿದಾಗ, ಅವುಗಳ ಮೇಲೆ ಕುದುರೆಗಳು ಜಾರುತ್ತವೆಂದು ಕುದುರೆಯವರು ಆಕ್ಷೇಪಿಸಿದರು. ವಿವಾದವು ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಅಲ್ಲಿ ಕುದುರೆಯು ನೂರಾರು ಕುಟುಂಬಗಳ ಅನ್ನವಾಗಿರುವುದರಿಂದ ಅದನ್ನು ಹೊರಗಟ್ಟುವಂತಿಲ್ಲ. ಬೆಟ್ಟವು ಕರಗುವುದನ್ನು ನೋಡುತ್ತ ಕುಳಿತಿರುವಂತೆಯೂ ಇಲ್ಲ. ಬದುಕು ಬೇರುಬಿಟ್ಟ ಮೇಲೆ ನಿಯಮವನ್ನು ತರುವುದು ಎಷ್ಟು ಕಷ್ಟವೆಂಬುದನ್ನು ಮಾಥೇರಾನ್ ತೋರಿಸಿಕೊಟ್ಟಿದೆ.

ಇಂಗ್ಲೆಂಡಿನಲ್ಲಿ ಬೇರೊಂದು ಕ್ರಮವನ್ನು ಅನುಸರಿಸಿದರು. ಅಲ್ಲಿ 1949ರ ಕಾಯಿದೆಯಂತೆ ಸುಂದರವಾದ ಗ್ರಾಮೀಣ ಪ್ರದೇಶಗಳನ್ನು ಗುರುತಿಸಿ ರಕ್ಷಿಸಲಾಗುತ್ತಿದೆ. ಹೊಲದಲ್ಲಿ ಕುದುರೆಯು ಸುಮ್ಮನೆ ಮೇಯುತ್ತಿದ್ದರೆ ಅದನ್ನು ಕೃಷಿಯೆಂದೇ ಎಣಿಸುತ್ತಾರೆ. ಆದರೆ ವಿನೋದಕ್ಕಾಗಿ ಕುದುರೆಯನ್ನು ಸಾಕಿ, ಹೊರಗಿನಿಂದ ಮೇವನ್ನು ತಂದು ಹಾಕಿ, ಸವಾರಿಯ ಅಂಗಳವನ್ನು ಮಾಡಿದರೆ ಭೂಮಿಯ ಉಪಯೋಗವೇ ಬದಲಾಯಿತೆಂದು ಭಾವಿಸಿ, ಸ್ಥಳೀಯ ಸಂಸ್ಥೆಯ ಅನುಮತಿಯನ್ನು ಪಡೆಯಬೇಕೆನ್ನುತ್ತಾರೆ. ಲಾಯವು ಗುಡ್ಡದ ನೆತ್ತಿಯಲ್ಲಿರದೆ ಇರುವ ಕಟ್ಟಡಗಳ ಮಗ್ಗುಲಲ್ಲಿರಬೇಕು, ರಾತ್ರಿಯಲ್ಲಿ ಪ್ರಖರವಾದ ದೀಪಗಳನ್ನು ಉರಿಸಬಾರದು ಎಂದು ಮುಂತಾಗಿ ಅಲ್ಲಿಯ ಸಂಸ್ಥೆಗಳು ಸಲಹೆಗಳನ್ನು ಮುದ್ರಿಸಿ ಕೊಡುತ್ತವೆ. ಕುದುರೆಯನ್ನು ಸಾಕುವವನಿಗೆ ತಾನು ಏನು ಮಾಡಬೇಕೆಂಬುದು ಮೊದಲೇ ತಿಳಿದಿರುತ್ತದೆ. ಆ ದೇಶದ ನಿಯಮವನ್ನು ಇಲ್ಲಿಗೆ ಇದ್ದಂತೆಯೇ ತರಬೇಕಾಗಿಲ್ಲ. ಮುಂಚಿತವಾಗಿ ತಿಳಿಸುವ ಪದ್ಧತಿಯನ್ನು ಮಾತ್ರ ಕಲಿಯಬಹುದು.

ಏಕೆಂದರೆ ಬೇಕಾದ ಕಾನೂನುಗಳು ಭಾರತದಲ್ಲಿ ಈಗಾಗಲೇ ಇವೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಜಾನುವಾರು ಎಂಬ ಪದದ ಅರ್ಥವನ್ನು ಹೇಳುವಾಗ ಕುದುರೆಯನ್ನೂ ಸ್ಪಷ್ಟವಾಗಿ ಹೆಸರಿಸುತ್ತದೆ. ಅಭಯಾರಣ್ಯದೊಳಗೆ ಜಾನುವಾರುಗಳು ಮೇಯುವುದನ್ನೂ ಓಡಾಡುವುದನ್ನೂ ನಿಯಂತ್ರಿಸುವ ಅಥವಾ ನಿಷೇಧಿಸುವ ಅಧಿಕಾರವು ರಾಜ್ಯದ ಮುಖ್ಯ ವನ್ಯಜೀವಿ ಪರಿಪಾಲಕರಿಗೆ ಇದೆ. 1991ರಲ್ಲಿ ಸೇರಿಸಿದ 33ಎ ಪ್ರಕರಣದಂತೆ ಅಭಯಾರಣ್ಯದ ಒಳಗೂ ಅದರ ಸುತ್ತ 5 ಕಿಲೋಮೀಟರುಗಳ ಒಳಗೂ ಇರುವ ಜಾನುವಾರುಗಳಿಗೆ ಸಾಂಕ್ರಾಮಿಕ ರೋಗಗಳ ವಿರುದ್ಧ ಲಸಿಕೆಯನ್ನು ಹಾಕಿಸುವ ವ್ಯವಸ್ಥೆಯಾಗಬೇಕು. 1964ರ ಕರ್ನಾಟಕ ಭೂಕಂದಾಯ ಕಾಯಿದೆಯ 95ನೆಯ ಪ್ರಕರಣವು ಕೃಷಿಭೂಮಿಯನ್ನು ಬೇರೆ ಉದ್ದೇಶಕ್ಕೆ ಬಳಸುವ ಮುನ್ನ ಅನುಮತಿ ಬೇಕೆಂದು ವಿಧಿಸುತ್ತದೆ. ಗ್ಲ್ಯಾಂಡರ್ಸ್ ಎಂಬುದು ಕುದುರೆಗಳಿಂದ ಮನುಷ್ಯರಿಗೂ ಹರಡುವ ಭಯಂಕರವಾದ ರೋಗ, ಅದಕ್ಕೆ ಲಸಿಕೆಯಿಲ್ಲ. ಅದು ಕಂಡುಬಂದರೆ ಗ್ರಾಮಾಧಿಕಾರಿಗೆ ಅಥವಾ ಗ್ರಾಮ ಪಂಚಾಯಿತಿಗೆ ತಿಳಿಸುವುದನ್ನು 2009ರ ಕಾಯಿದೆಯು ಕಡ್ಡಾಯಗೊಳಿಸಿದೆ.

ಆದರೆ ಈ ಕಾನೂನುಗಳು ಬೇರೆ ಬೇರೆ ಕಡತಗಳಲ್ಲಿವೆ. ಒಂದು ಅರಣ್ಯ ಇಲಾಖೆಯದು, ಒಂದು ಕಂದಾಯ ಇಲಾಖೆಯದು, ಮತ್ತೊಂದು ಪಶುಪಾಲನಾ ಇಲಾಖೆಯದು. ಕುದುರೆಯನ್ನು ಕೊಳ್ಳಹೊರಟ ರೈತನು ಮೂರು ಕಚೇರಿಗಳ ಮೆಟ್ಟಿಲನ್ನು ಹತ್ತಿ ಎಲ್ಲವನ್ನೂ ಓದಿ ತಿಳಿಯುವನೆಂದು ನಿರೀಕ್ಷಿಸುವುದು ನ್ಯಾಯವಲ್ಲ. ಇವೆಲ್ಲದರ ಸಾರವನ್ನು ಸರಳವಾದ ಕನ್ನಡದಲ್ಲಿ ಒಂದೆರಡು ಪುಟಗಳಿಗೆ ಇಳಿಸಿ, ನದೀತೀರದ ಪ್ರತಿಯೊಂದು ಗ್ರಾಮ ಪಂಚಾಯಿತಿಯ ಕಚೇರಿಯಲ್ಲಿಯೂ ದೊರೆಯುವಂತೆ ಮಾಡಬೇಕು. ಅಂಥ ಮಾರ್ಗಸೂಚಿಯಲ್ಲಿ ಆರು ಮಾತುಗಳಿದ್ದರೆ ಸಾಕು.

ಮೊದಲನೆಯದು ಸ್ಥಳದ ಮಾತು. ಲಾಯವು ನದಿ, ಹಳ್ಳ, ಹಿನ್ನೀರುಗಳ ಅಂಚಿನಿಂದ ದೂರವಿರಬೇಕು. ಊರಿನ ಅಥವಾ ತೋಟದ ಮನೆಯ ಮಗ್ಗುಲಲ್ಲಿರಬೇಕು. ಎರಡನೆಯದು ಸಂಖ್ಯೆಯ ಮಾತು. ಸ್ವಂತ ಭೂಮಿಯಲ್ಲಿ ಬೆಳೆಯಬಹುದಾದ ಮೇವಿಗೆ ತಕ್ಕಷ್ಟೇ ಕುದುರೆಗಳಿರಬೇಕು. ಕೊರತೆಯನ್ನು ಗೋಮಾಳದಿಂದ ತುಂಬಿಕೊಳ್ಳಬಾರದು. ಮೂರನೆಯದು ಲದ್ದಿಯ ಮಾತು. ಗುಂಡಿಗೆ ಕಲ್ಲುಹಾಸೂ ಮೇಲೊಂದು ಮಾಡೂ ಇರಬೇಕು. ಕೊಳೆತ ಗೊಬ್ಬರವು ಹೊಲವನ್ನು ಸೇರಬೇಕು. ನಾಲ್ಕನೆಯದು ಬೇಲಿಯ ಮತ್ತು ಬೆಳಕಿನ ಮಾತು. ಮುಳ್ಳುತಂತಿಯು ಕುದುರೆಯ ಮೈಯನ್ನೂ ಕೆಳಗೆ ಹಾರುವ ಹಕ್ಕಿಯ ರೆಕ್ಕೆಯನ್ನೂ ಸೀಳುತ್ತದೆ. ಅದರ ಬದಲು ಜೀವಂತವಾದ ಗಿಡಗಳ ಬೇಲಿ ಉತ್ತಮ. ರಾತ್ರಿಯಿಡೀ ಉರಿಯುವ ದೊಡ್ಡ ದೀಪಗಳು ಬೇಡ. ಐದನೆಯದು ಸವಾರಿಯ ಮಾತು. ಪಕ್ಷಿಧಾಮದೊಳಗೆ ಅಪ್ಪಣೆಯಿಲ್ಲದೆ ಸವಾರಿ ಸಲ್ಲದು. ವಲಸೆಯ ಹಕ್ಕಿಗಳಿರುವ ಚಳಿಗಾಲದಲ್ಲಿ ನೀರಿನಂಚಿಗೆ ಕುದುರೆಗಳನ್ನು ಓಡಿಸಬಾರದು. ಆರನೆಯದು ಆರೋಗ್ಯದ ಮಾತು. ಪ್ರತಿಯೊಂದು ಕುದುರೆಗೂ ಪಶುವೈದ್ಯರ ತಪಾಸಣೆಯಾಗಿರಬೇಕು.

ಈ ಸೀಮೆಯ ಭೂಗೋಳವೇ ಇದಕ್ಕೆ ಅನುಕೂಲವಾಗಿದೆ. ಹಿಂದೆ ಗೋಕಾಕ ತಾಲ್ಲೂಕಿಗೆ ಸೇರಿದ್ದು ಈಗ ಪ್ರತ್ಯೇಕ ತಾಲ್ಲೂಕಾಗಿರುವ ಮೂಡಲಗಿಯ ಕಾಲುವೆ ಬಯಲಿನಲ್ಲಿ ಹಸಿರು ಮೇವನ್ನು ಬೆಳೆಯಬಹುದು; ಜೋಳದ ಕಣಿಕೆಯೂ ಸಿಕ್ಕುತ್ತದೆ; ಕಬ್ಬಿನ ಹೊಲಗಳಿಗೆ ಗೊಬ್ಬರವೂ ಬೇಕು. ಒಂದು ಲಾಯವು ಅಲ್ಲಿ ರೈತನಿಗೆ ಸಹಾಯಕವಾಗಬಲ್ಲುದು. ಅದೇ ಲಾಯವು ಧೂಪದಾಳದ ಹಿನ್ನೀರಿನ ಅಂಚಿನಲ್ಲಿ ಹಾನಿಕರವಾಗುತ್ತದೆ. ಕುದುರೆಯು ಒಂದೇ, ನೆಲವು ಬೇರೆಯಾದುದರಿಂದ ಫಲವೂ ಬೇರೆಯಾಗುತ್ತದೆ. ಎಲ್ಲಿ ಎಂಬ ಪ್ರಶ್ನೆಗೆ ಸರಿಯಾದ ಉತ್ತರವನ್ನು ಕಂಡುಕೊಂಡರೆ ಬೇಕೇ ಬೇಡವೇ ಎಂಬ ಜಗಳವು ಬಹುಮಟ್ಟಿಗೆ ತಾನಾಗಿಯೇ ಅಡಗುತ್ತದೆ.

ಇದಕ್ಕೆ ಎರಡು ಬಗೆಯ ಆಕ್ಷೇಪಣೆಗಳು ಬರಬಹುದು. ತನ್ನ ಹೊಲದಲ್ಲಿ ತನ್ನ ಹಣದಿಂದ ತನ್ನ ಕುದುರೆಯನ್ನು ಸಾಕಲು ಯಾರ ಅಪ್ಪಣೆ ಏಕೆ ಬೇಕೆಂದು ಒಬ್ಬನು ಕೇಳಬಹುದು. ಹೊಲವು ಅವನದಾದರೂ ಹೊಲದಿಂದ ಹರಿದುಹೋಗುವ ನೀರು ಅವನದಲ್ಲ. ಆ ನೀರನ್ನು ಕೆಳಗಿನ ಊರಿನವರು ಕುಡಿಯುತ್ತಾರೆ. ಆಸ್ತಿಯ ಹಕ್ಕು ನೆರೆಯವನ ಬಾವಿಯವರೆಗೆ ಚಾಚಲಾರದು. ಪಕ್ಷಿಧಾಮದ ಸುತ್ತ ಕುದುರೆಯೇ ಇರಕೂಡದೆಂದು ಇನ್ನೊಬ್ಬನು ವಾದಿಸಬಹುದು. ಈ ವಾದವು ಕೇಳಲು ಶುದ್ಧವಾಗಿದ್ದರೂ ಅನ್ಯಾಯಕ್ಕೆ ದಾರಿಯಾಗುತ್ತದೆ. ಏಕೆಂದರೆ ಕಟ್ಟುನಿಟ್ಟಾದ ನಿಷೇಧವು ಬಂದಾಗ ಅದರ ಪೆಟ್ಟು ಮೊದಲು ಬೀಳುವುದು ಬಡ ಕುರಿಗಾರನ ಮೇಲೆ. ಕಾಂಪೌಂಡಿನೊಳಗಿರುವ ಸವಾರಿಕುದುರೆಯು ಅಧಿಕಾರಿಗಳ ಕಣ್ಣಿಗೆ ಬೀಳದು. ದಾರಿಯಲ್ಲಿ ನಡೆಯುವ ಹೇರುಕುದುರೆಯು ಎಲ್ಲರಿಗೂ ಕಾಣುತ್ತದೆ.

ಕುರಿಗಾರನ ಕುದುರೆಗೂ ವಿನೋದದ ಕುದುರೆಗೂ ಇರುವ ಭೇದವನ್ನು ನಿಯಮವು ಮರೆಯಕೂಡದು. ಕುರಿಗಾರನು ಒಂದೆಡೆಯಲ್ಲಿ ನೆಲೆ ನಿಲ್ಲುವುದಿಲ್ಲ. ಹೊಲದಲ್ಲಿ ಕೆಲವು ದಿನ ತಂಗಿ, ಗೊಬ್ಬರವನ್ನು ಬಿಟ್ಟು, ಮುಂದಿನ ಊರಿಗೆ ಹೋಗುತ್ತಾನೆ. ನೆಲಕ್ಕೆ ಚೇತರಿಸಿಕೊಳ್ಳಲು ಕಾಲಾವಕಾಶ ಸಿಕ್ಕುತ್ತದೆ. ಲಾಯದ ಕುದುರೆಯು ವರ್ಷದ ಎಲ್ಲ ದಿನವೂ ಅದೇ ನೆಲವನ್ನು ತುಳಿಯುತ್ತದೆ. ಆದುದರಿಂದ ಕುರಿಗಾರರ ಹಳೆಯ ದಾರಿಗಳನ್ನು ಗುರುತಿಸಿ, ಅವರ ಪ್ರಾಣಿಗಳಿಗೆ ಲಸಿಕೆಯನ್ನು ಹಾಕಿಸಿ, ಅವರನ್ನು ಗೌರವದಿಂದ ನಡೆಸಿಕೊಳ್ಳಬೇಕು. ಕಟ್ಟಡ, ಬೇಲಿ, ಅಂಗಳಗಳನ್ನು ಕಟ್ಟಿ ನೆಲವನ್ನು ಶಾಶ್ವತವಾಗಿ ಬದಲಾಯಿಸುವವರಿಗೆ ಮಾತ್ರ ನಿಯಮದ ಪೂರ್ಣ ಭಾರವು ಅನ್ವಯಿಸಬೇಕು.

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆಯನ್ನು ಹಿರಿಯರು ಹಣದ ವಿಷಯದಲ್ಲಿ ಹೇಳುತ್ತ ಬಂದಿದ್ದಾರೆ. ಅದು ನೆಲದ ವಿಷಯದಲ್ಲಿಯೂ ಅಷ್ಟೇ ಸತ್ಯ. ಕುದುರೆಯನ್ನು ನಿಜವಾಗಿ ಪ್ರೀತಿಸುವವನು ಅದರ ಬಣ್ಣವನ್ನೂ ಸುಳಿಯನ್ನೂ ನೋಡುವ ಮುನ್ನ ತನ್ನ ಹೊಲದ ಹುಲ್ಲನ್ನು ನೋಡುತ್ತಾನೆ. ಬಾವಿಯ ನೀರನ್ನು ಅಳೆಯುತ್ತಾನೆ. ಲದ್ದಿಯು ಎಲ್ಲಿಗೆ ಹೋಗುವುದೆಂದು ಯೋಚಿಸುತ್ತಾನೆ. ಹೀಗೆ ಯೋಚಿಸಿ ಸಾಕಿದ ಕುದುರೆಯೂ ಸುಖವಾಗಿರುತ್ತದೆ. ಇಕ್ಕಟ್ಟಾದ ಲಾಯದಲ್ಲಿ, ಬೋಳಾದ ಬಯಲಿನಲ್ಲಿ, ಕೆಸರಿನಲ್ಲಿ ನಿಂತ ಕುದುರೆಗೆ ಗೊರಸಿನ ರೋಗವೂ ಹೊಟ್ಟೆಯ ಶೂಲೆಯೂ ತಪ್ಪುವುದಿಲ್ಲ. ನೆಲಕ್ಕೆ ಹಿತವಾದುದೇ ಪ್ರಾಣಿಗೂ ಹಿತವಾದುದು.

ಸಾವಿರಾರು ಕಿಲೋಮೀಟರುಗಳ ಆಚೆಯಿಂದ ಘಟಪ್ರಭೆಯ ದಡವನ್ನು ನಂಬಿ ಬರುವ ಕರ್ಕರಗಳಿಗೆ ಪಂಚಾಯಿತಿಯಲ್ಲಿ ಮತವಿಲ್ಲ; ಕಚೇರಿಯಲ್ಲಿ ಅರ್ಜಿಯನ್ನು ಕೊಡಲು ಅವುಗಳಿಂದಾಗದು. ಗೋಮಾಳದ ಎಮ್ಮೆಗೂ ಮಾತಿಲ್ಲ. ಇಂಥ ಮೂಕಜೀವಿಗಳ ಪರವಾಗಿ ಮುಂಚಿತವಾಗಿ ಆಲೋಚಿಸುವುದು ಆ ಊರುಗಳಲ್ಲಿ ಬಾಳುವವರ ಹೊಣೆ. ಗೋಕಾಕ, ಮೂಡಲಗಿ, ಹುಕ್ಕೇರಿಗಳ ಗ್ರಾಮಸಭೆಗಳಲ್ಲಿ ಈ ವಿಷಯವು ಚರ್ಚೆಗೆ ಬಂದು, ಲಾಯವನ್ನು ಎಲ್ಲಿ ಕಟ್ಟಬಹುದು, ಎಲ್ಲಿ ಕಟ್ಟಬಾರದು ಎಂಬುದು ನಕಾಶೆಯ ಮೇಲೆ ಗುರುತಾದರೆ, ಜಾತ್ರೆಯ ದಿನ ಕುದುರೆಯೂ ಓಡುತ್ತದೆ. ಚಳಿಗಾಲದಲ್ಲಿ ಹಕ್ಕಿಯೂ ಬಂದಿಳಿಯುತ್ತದೆ.